ಕೋರಿರೊಟ್ಟಿ ಹೊತ್ತು ಫೈಲಕಾ ದ್ವೀಪಕ್ಕೆ

ಅಬು ಹಲೀಫಾ

ಮಲ್ಪೆಯಲ್ಲಿ ಕಡಲಿಗೆ ಮುಖ ಮಾಡಿದ ನಾಲ್ಕು ಕೋಣೆಗಳ ಹೋಮ್‌ಸ್ಟೇ ನಡೆಸಲು ಶುರುಮಾಡಿದ ಮೇಲೆ ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಯಾವ ಹೋಟೆಲಿಗೆ ಹೋದರೂ ಮೊದಲು ಕಣ್ಣು ಬೀಳುವುದು ಖಾಲಿ ಕುರ್ಚಿಗಳ ಮೇಲೆ. ತಿಂಡಿ ಹೇಗಿದೆ ಎನ್ನುವುದು ಆಮೇಲಿನ ಮಾತು. ಕುವೈತಿನಲ್ಲಿ ಇಳಿದ ಮಾರನೆಯ ದಿನ ತಂಗಿ ಸುಜಾತ ತಾನಿರುವ ಅಬು ಹಲೀಫಾದ ಕಡಲ ದಂಡೆಯ ದೊಡ್ಡ ಕಾಫಿ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದಳು. ಒಳಗೆ ಕಾಲಿಟ್ಟವಳೇ ನಾನು, “ಎಂತ, ಇಷ್ಟು ಕುರ್ಚಿ ಖಾಲಿ?” ಎಂದೆ.

“ಅಕ್ಕ, ನೀನು ರಜೆಗೆ ಬಂದದ್ದಾ, ಇನ್‌ಸ್ಪೆಕ್ಷನ್‌ಗೆ ಬಂದದ್ದಾ?” ಎಂದು ಅವಳು ತುಳುವಿನಲ್ಲಿ ಗದರಿದಳು. ಕಾಫಿ ತರುತ್ತಿದ್ದ ಹುಡುಗಿ ಫಿಲಿಪ್ಪೀನ್ಸಿನವಳು. ಅವಳಿಗೆ ಅರ್ಥವಾಗಲಿಲ್ಲ, ಪುಣ್ಯ.

ನಿಜ ಹೇಳಬೇಕೆಂದರೆ ನಾನು ಬಂದದ್ದೇ ನನ್ನ ಕೋಣೆಗಳು ಖಾಲಿ ಬಿದ್ದಿದ್ದವು ಎಂದು. ಮಾರ್ಚ್ ತಿಂಗಳಿನಲ್ಲಿ ಮಲ್ಪೆಯಲ್ಲಿ ಕೋಣೆ ಖಾಲಿ ಇರುವುದೆಂದರೆ ಮದುವೆ ಮನೆಯಲ್ಲಿ ಊಟಕ್ಕೆ ಜನ ಇಲ್ಲದ ಹಾಗೆ. ಎಲ್ಲೋ ದೂರದ ದೇಶದಲ್ಲಿ ಕಂಪನಿಗಳು ಜನರನ್ನು ಕೆಲಸದಿಂದ ತೆಗೆದರೆ ಅದರ ಬಿಸಿ ನನ್ನ ಅಡುಗೆಮನೆಗೆ ಹೇಗೆ ತಟ್ಟುತ್ತದೆ ಎನ್ನುವುದು ನನಗೆ ಈ ವರ್ಷ ಚೆನ್ನಾಗಿ ಗೊತ್ತಾಯಿತು. ಬಂದ ನಾಲ್ಕು ಜನರೂ ಊಟ ನಮ್ಮಲ್ಲಿ ಮಾಡುವುದಿಲ್ಲ. ಚೀಲದಲ್ಲಿ ಕುಕ್ಕರು, ಕರೆಂಟಿನ ಒಲೆ, ತೊಗರಿಬೇಳೆ ತಂದು ಮಂಚದ ಪಕ್ಕದಲ್ಲೇ ಸಾರು ಕುದಿಸುತ್ತಾರೆ. ‘ಕೋಣೆಯಲ್ಲಿ ಅಡುಗೆ ಮಾಡಬಾರದು’ ಎಂದು ಬೋರ್ಡು ಹಾಕಿದೆ. ಅದರ ಮೇಲೆ ಯಾರೋ ಒದ್ದೆ ಬಟ್ಟೆ ಒಣಗಿಸಿದರು.

ಸುಜಾತಳ ಗಂಡ ವಸಂತ ಕುವೈತ್ ನಗರದ ಮಿರ್ಕಾಬಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾರೆ. ಬಹಳ ಮೃದು ಮನುಷ್ಯ. ಸಾರಿಗೆ ಉಪ್ಪು ಕಡಿಮೆಯಾದರೆ ತನ್ನ ನಾಲಿಗೆಯನ್ನೇ ಸಂಶಯಿಸುವವರು. ಇಲ್ಲಿ ಪರಿಸ್ಥಿತಿ ಹೇಗೆ ಎಂದು ಕೇಳಿದೆ.

“ಏನೂ ಹೇಳ್ಲಿಕ್ಕಾಗುದಿಲ್ಲ ಅಕ್ಕ. ಆಫೀಸಿನಲ್ಲಿ ಚಾದ ಒಟ್ಟಿಗೆ ಬಿಸ್ಕೆಟ್ ಕೊಡ್ತಿದ್ದರು. ಅದು ನಿಂತಿದೆ,” ಎಂದರು. ಜಗತ್ತಿನ ಆರ್ಥಿಕ ಹಿಂಜರಿತದ ಬಗ್ಗೆ ಟಿವಿಯಲ್ಲಿ ಕೋಟು ಹಾಕಿಕೊಂಡವರು ಗಂಟೆಗಟ್ಟಲೆ ಹೇಳಿದ್ದಕ್ಕಿಂತ ಆ ಬಿಸ್ಕೆಟ್ ನನಗೆ ಹೆಚ್ಚು ತಿಳಿಸಿತು.

ಗುರುವಾರದ ಸಂಜೆ

ಇಲ್ಲಿನ ನಮ್ಮೂರಿನವರ ಸಂಘ ವರ್ಷಕ್ಕೊಮ್ಮೆ ಪಿಕ್‌ನಿಕ್ ಹೋಗುತ್ತದೆ. ಈ ಸಲ ಅದರ ಉಸ್ತುವಾರಿ ಪಾಪದ ವಸಂತರ ಹೆಗಲಿಗೆ ಬಿದ್ದಿತ್ತು. ಕುವೈತ್ ನಗರದಿಂದ ದೋಣಿಯಲ್ಲಿ ಹೋಗಬಹುದಾದ ಫೈಲಕಾ ಎಂಬ ದ್ವೀಪವನ್ನು ಅವರು ಆರಿಸಿದ್ದರು. ದ್ವೀಪದಲ್ಲಿ ಒಂದು ಪ್ರವಾಸಿ ತಂಗುದಾಣ, ಅದರಲ್ಲೊಂದು ಊಟದ ಮನೆ. ಅಲ್ಲಿಗೆ ಫೋನ್ ಮಾಡಿ ಎಲ್ಲರಿಗೂ ಬಫೆ ಊಟ ಹೇಳಿದ್ದರು. ‘ಮಧ್ಯಾಹ್ನದ ಊಟ ದ್ವೀಪದಲ್ಲೇ ಏರ್ಪಾಡಾಗಿದೆ’ ಎಂದು ಸಂಘದ ವಾಟ್ಸಾಪಿನಲ್ಲಿ ಹಾಕಿದರು. ಎಲ್ಲ ಮನೆಗಳಿಂದಲೂ ಹೆಬ್ಬೆರಳು ಎದ್ದು ನಿಂತಿತು.

ಹೆಬ್ಬೆರಳು ಎತ್ತಿದ ಮನೆಗಳೆಲ್ಲ ಆಮೇಲೆ ಮಸಾಲೆ ಅರೆಯಲು ಹೋದವು.

ನಮ್ಮ ಕರಾವಳಿಯವರ ಈ ಗುಣ ನಿಮಗೆ ಗೊತ್ತಿರಬೇಕು. ಊಟ ಏರ್ಪಾಡಾಗಿದೆ ಎಂದರೆ, ಏರ್ಪಾಡಾದ ಊಟ ಊಟವೇ ಅಲ್ಲ ಎಂದು ಅರ್ಥ ಮಾಡಿಕೊಳ್ಳುತ್ತೇವೆ. ಸುಜಾತ ಗುರುವಾರ ಸಂಜೆ ಕೋಳಿ ಗಸಿಗೆ ಮೆಣಸು ಹುರಿಯುತ್ತಿದ್ದಳು. ಕಟ್ಟಡದ ಲಿಫ್ಟಿನಲ್ಲಿ ಇಳಿಯುತ್ತಿದ್ದ ಈಜಿಪ್ಟಿನ ಸಂಸಾರವೊಂದು ಕೆಮ್ಮಿಕೊಂಡೇ ಹೊರಗೆ ಹೋಯಿತು.

“ಊಟ ಉಂಟಲ್ಲಾ ಅಲ್ಲಿ?” ಎಂದೆ.

“ಅದು ಬಫೆ ಅಕ್ಕ. ಪಾಸ್ತಾ, ಬೇಯಿಸಿದ ಕ್ಯಾರೆಟ್, ಎಂತೆಂತದ್ದೋ. ಆಸ್ಪತ್ರೆಯದ್ದೇ ಊಟ. ಮಕ್ಕಳು ಎಂತ ತಿನ್ನುದು?”

ಮಗಳು ಅನಿಕಾ ಕೋಣೆಯಿಂದಲೇ, “ಅಮ್ಮಾ, ಐ ಲೈಕ್ ಪಾಸ್ತಾ!” ಎಂದು ಕೂಗಿದಳು. ಅದು ಯಾರ ಕಿವಿಗೂ ಬೀಳಲಿಲ್ಲ. ನಾನು ತೆಂಗಿನಕಾಯಿ ತುರಿಯಲು ಕೂತೆ.

ದೋಣಿಯಲ್ಲಿ

ಶುಕ್ರವಾರ ಬೆಳಿಗ್ಗೆ ದಕ್ಕೆಯಲ್ಲಿ ಸಂಘದವರನ್ನು ನೋಡಿದ ಫೆರಿಯ ಸಿಬ್ಬಂದಿ, ಇವರು ಪಿಕ್‌ನಿಕ್ಕಿಗೆ ಹೊರಟವರೋ ಮನೆ ಬದಲಾಯಿಸುವವರೋ ಎಂಬ ಸಂಶಯದಲ್ಲಿ ನಿಂತುಬಿಟ್ಟರು. ಮೈದಾನ್ ಹವಲ್ಲಿಯ ಮನೆಯೊಂದರಿಂದ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಮೂಡೆ ಬಂದಿತ್ತು. ಇನ್ನೊಂದರಿಂದ ಕೋಳಿ ಸುಕ್ಕ. ಪಕ್ಕದ ಕಟ್ಟಡದವರು ಗೋಳಿಬಜೆಯ ಹಿಟ್ಟನ್ನೇ ಕಲಸಿ ತಂದಿದ್ದರು, ಎಣ್ಣೆ ಬಾಣಲೆಯ ಸಮೇತ. ಗಸಿಯ ಜೊತೆಗೆ ಬೇಕಾದ, ಹಪ್ಪಳದಂಥ ಒಣ ರೊಟ್ಟಿ ಮುರಿಯಬಾರದೆಂದು ಅದರ ಡಬ್ಬಿಯನ್ನು ನನ್ನ ಮಡಿಲಲ್ಲಿ ಇಟ್ಟಿದ್ದರು. ಬಾಣಂತಿ ಮಗುವನ್ನು ಹಿಡಿದ ಹಾಗೆ ಹಿಡಿದು ಕೂತೆ.

ದೋಣಿ ದಕ್ಕೆ ಬಿಟ್ಟು ಒಂದು ಓಲಾಟ ಓಲಾಡಿತು. ಗಸಿಯ ಮುಚ್ಚಳ ಜಾರಿತು. ಕೆಂಪು ಎಣ್ಣೆ ನಿಧಾನವಾಗಿ ಹರಿದು, ಎದುರಿನ ಸಾಲಿನಲ್ಲಿ ಬಿಳಿ ನಿಲುವಂಗಿಯಲ್ಲಿ ಕೂತಿದ್ದ ಕುವೈತಿ ಅಜ್ಜನ ಚಪ್ಪಲಿಯ ಕಡೆಗೆ ಹೊರಟಿತು. ಅಜ್ಜ ಎರಡೂ ಕಾಲು ಎತ್ತಿದರು. ಬೈಯುತ್ತಾರೆ ಎಂದುಕೊಂಡರೆ, ಪಕ್ಕದಲ್ಲಿದ್ದ ಟಿಶ್ಯೂ ಡಬ್ಬಿಯನ್ನು ಪೂರ್ತಿ ನನ್ನ ಕೈಗೆ ಕೊಟ್ಟರು. ಈ ಊರಿನಲ್ಲಿ ನಾನು ಕಂಡಂತೆ ಟಿಶ್ಯೂ ಡಬ್ಬಿ ಇಲ್ಲದೆ ಯಾರೂ ಮನೆ ಬಿಡುವುದಿಲ್ಲ. ನಮ್ಮಲ್ಲಿ ಭುಜದ ಮೇಲಿನ ಬೈರಾಸು ಮಾಡುವ ಎಲ್ಲ ಕೆಲಸವನ್ನೂ ಇಲ್ಲಿ ಆ ಡಬ್ಬಿ ಮಾಡುತ್ತದೆ.

ನೆಲ ಒರೆಸಿ ತಲೆಯೆತ್ತುವಷ್ಟರಲ್ಲಿ ದೋಣಿಯ ಇನ್ನೊಂದು ಮೂಲೆಯಲ್ಲಿ ಸಭೆ ಸೇರಿತ್ತು. ಇಷ್ಟೆಲ್ಲ ತಿನ್ನಲು ಇರುವಾಗ ಬಫೆಗೆ ಯಾಕೆ ದುಡ್ಡು ಕೊಡುವುದು ಎಂದು ಗಂಡಸರು ಹೇಳಿದರು. ಈ ವರ್ಷ ಸಂಬಳ ಏರಿಲ್ಲ, ಶಾಲೆಯ ಫೀಸು ಏರಿದೆ ಎಂದು ಹೆಂಗಸರು ಸೇರಿಸಿದರು. ಅದೂ ಸುಳ್ಳಲ್ಲ. ದ್ವೀಪ ಮುಟ್ಟಿದ ಕೂಡಲೇ ವಸಂತ ಹೋಗಿ ಊಟ ಬೇಡ ಎಂದು ಹೇಳಿಬರಬೇಕು ಎಂದು ತೀರ್ಮಾನವಾಯಿತು. ವಸಂತರ ಮುಖ ಬಾಡಿತು. “ಅಕ್ಕ, ನೀವೂ ಬರ್ತೀರಾ?” ಎಂದು ನನ್ನ ಕಡೆ ನೋಡಿದರು.

ಫೈಲಕಾ

ನಮ್ಮ ಸೈಂಟ್ ಮೇರಿಸ್ ದ್ವೀಪದಲ್ಲಿ ತೆಂಗಿನ ಮರ, ಕಪ್ಪು ಬಂಡೆ. ಇಲ್ಲಿ ಮಣ್ಣಿನ ಬಣ್ಣದ ಚಪ್ಪಟೆ ನೆಲ, ಒಂಟೆ, ಗುಂಡೇಟಿನ ತೂತು ಬಿದ್ದ ಗೋಡೆಗಳು. ಇರಾಕ್ ಕುವೈತನ್ನು ಆಕ್ರಮಿಸಿದ ಯುದ್ಧದ ಕಾಲದಲ್ಲಿ ಖಾಲಿ ಮಾಡಿಸಿದ ಮನೆಗಳಿಗೆ ಹೆಚ್ಚಿನವರು ಮರಳಲೇ ಇಲ್ಲವಂತೆ. ಒಂದು ಮನೆಯ ಹೊಸಿಲಿನ ಮುಂದೆ ಒಂಟೆಯೊಂದು, ಈಗಷ್ಟೇ ಯಜಮಾನರು ಒಳಗೆ ಹೋದರು ಎನ್ನುವ ಹಾಗೆ ಕಾದು ನಿಂತಿತ್ತು. ಆಚೆಗೆ ಸಾವಿರಾರು ವರ್ಷ ಹಳೆಯ ಕಟ್ಟಡಗಳ ಅಡಿಪಾಯ. ಇಲ್ಲಿ ಮೀನು ಹಿಡಿಯುವವರೂ ಊರಿನವರೂ ಇಲ್ಲ ಎಂದೇ ಹೇಳಬಹುದು. ನೋಡಲು ಬರುವವರು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಊಟದ ಮನೆಯಲ್ಲಿ ಉದ್ದಕ್ಕೆ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಎಲ್ಲ ಸಿದ್ಧವಿತ್ತು. ಐದು ಜನ ಅಡುಗೆಯವರು ಇಸ್ತ್ರಿ ಹಾಕಿದ ಟೊಪ್ಪಿಯಲ್ಲಿ ಸಾಲಾಗಿ ನಿಂತಿದ್ದರು. ನಾನು ಖಾಲಿ ಕುರ್ಚಿಗಳನ್ನು ಎಣಿಸತೊಡಗಿದೆ. ಬೇರೆಯವರ ಪಾತ್ರೆ ನೋಡಿ ಬೋರ್ಡು ಹಾಕಿದವಳು ನಾನು. ಈಗ ರೊಟ್ಟಿ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು, ಊಟ ಬೇಡ ಎಂದು ಹೇಳುವವರ ಜೊತೆ ನಿಂತಿದ್ದೆ.

ವಸಂತ ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದರು. ಅವರ ಎದುರಿನಲ್ಲಿದ್ದ ಮುಖ್ಯ ಅಡುಗೆಯವರ ಕಣ್ಣು ನನ್ನ ಡಬ್ಬಿಯ ಮೇಲೆ ಬಿತ್ತು.

“ಅದು ರೊಟ್ಟಿಯಾ?” ಎಂದು ಕನ್ನಡದಲ್ಲೇ ಕೇಳಿದರು. “ಊರಿನದ್ದಾ?”

ಹೆಸರು ಲಾರೆನ್ಸ್. ಕಲ್ಯಾಣಪುರದ ಕಡೆಯವರು. ಮನೆಮಾತು ಕೊಂಕಣಿ. ನನ್ನ ಹೋಮ್‌ಸ್ಟೇಯಿಂದ ಬಸ್ಸಿನಲ್ಲಿ ಹೊರಟರೆ ಬೇಗ ಮುಟ್ಟುವ ಊರು. ವಸಂತ ಹೇಗೋ ವಿಷಯ ಹೇಳಿ ಮುಗಿಸಿದರು. ಲಾರೆನ್ಸ್ ಜಗಳ ಮಾಡಲಿಲ್ಲ. ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟರು.

“ಆಯ್ತು ಸರ್. ನಿಮ್ಮದು ತಪ್ಪಿಲ್ಲ. ಆದರೆ ಇವತ್ತೇ ಆಗ್ಬೇಕಿತ್ತಾ?”

“ಇವತ್ತು ಎಂತ?” ಎಂದೆ.

“ಮುಂದಿನ ದೋಣಿಯಲ್ಲಿ ಕಫೀಲ್ ಬರ್ತಾರೆ ಅಕ್ಕ. ಈ ಜಾಗ ಅವರದ್ದು, ನಮ್ಮ ಇಕಾಮಾ, ಇಲ್ಲಿ ಇರ್ಲಿಕ್ಕೆ ಬೇಕಾದ ಪರ್ಮಿಟ್ಟು ಸಹ ಅವರ ಹೆಸರಲ್ಲೇ ಇರುದು. ಮೊದಲು ಕಂಪನಿಯವರು ಬಸ್ಸು ಬಸ್ಸು ಜನ ಕಳಿಸ್ತಿದ್ದರು. ಈಗ ಅದೆಲ್ಲ ನಿಂತಿದೆ. ಹೊರಗಿನ ದೇಶದವರು ಅಂತೂ ಇಲ್ಲವೇ ಇಲ್ಲ. ಇವತ್ತಿನ ಜನ ನೋಡಿ, ಅಡುಗೆಮನೆ ಇಟ್ಟುಕೊಳ್ಳುದಾ ಮುಚ್ಚುದಾ ಅಂತ ಹೇಳ್ತಾರೆ. ಮುಚ್ಚಿದರೆ ನಾವು ಐದೂ ಜನ ಮನೆಗೆ.”

ಐದು ಜನರಲ್ಲಿ ಎಲ್ಲರಿಗಿಂತ ಚಿಕ್ಕವನು ಬಾಂಗ್ಲಾದೇಶದ ಕಮಾಲ್. ಮದುವೆಯಾಗಿ ವರ್ಷ ತುಂಬಿಲ್ಲವಂತೆ. ಭಾಷೆ ತಿಳಿಯದಿದ್ದರೂ ಲಾರೆನ್ಸರ ಟೊಪ್ಪಿ ಮೇಜಿನ ಮೇಲೆ ಬಂದದ್ದು ನೋಡಿ ಅವನಿಗೆ ಎಲ್ಲ ಗೊತ್ತಾಗಿತ್ತು. ಗ್ಲಾಸುಗಳನ್ನು ಸುಮ್ಮನೆ ಒರೆಸುತ್ತಾ ನಿಂತಿದ್ದ.

“ನಿಮಗೆ ಇದು ಮೊದಲನೇ ಸಲವಾ?” ಎಂದು ಲಾರೆನ್ಸರನ್ನು ಕೇಳಿದೆ.

ಅವರು ನಕ್ಕರು. “ಎಂತದು ಮಾರಾಯ್ರೆ! ನಾನು ಮೊದಲು ಮಾಲ್ದೀವ್ಸಿನಲ್ಲಿ ಇದ್ದದ್ದು. ಒಂದು ದ್ವೀಪ, ಒಂದು ರೆಸಾರ್ಟು. ಯೂರೋಪಿನಲ್ಲಿ ಬ್ಯಾಂಕು ಮುಳುಗಿತು ಅಂತ ಟಿವಿಯಲ್ಲಿ ಬಂತು, ಆ ಸೀಸನಿಗೇ ನಮ್ಮಲ್ಲಿ ಪಾತ್ರೆ ತೊಳೆಯುವವ ಊರಿಗೆ ಹೋದ. ಮಾಲ್ದೀವ್ಸಿನ ಜನ ಹುಷಾರು. ಕೆಲವರು ವಾಪಸ್ ಮೀನಿಗೆ ಹೋದರು. ಆಮೇಲೆ ಮನೆಯಲ್ಲೇ ಎರಡು ಕೋಣೆ ಮಾಡಿ ಕಡಿಮೆ ದುಡ್ಡಿನ ಗಿರಾಕಿಗಳನ್ನು ಹಿಡಿದರು. ನಮಗೆ ಮೀನೂ ಇಲ್ಲ, ಕೋಣೆಯೂ ಇಲ್ಲ. ‘ಲೀವಿನಲ್ಲಿ ಹೋಗಿ, ಕರೀತೇವೆ’ ಅಂದರು. ನಾನು ಎರಡು ವರ್ಷ ಫೋನ್ ಚಾರ್ಜಿಗೆ ಹಾಕಿ ಕೂತದ್ದು. ಕರೀಲೇ ಇಲ್ಲ.”

ನೆರಳಿನ ಕೆಳಗೆ

ನಾನು ಸಂಘದವರು ಚಾಪೆ ಹಾಸಿ ಕೂತಿದ್ದ ಕಡೆಗೆ ಹೋದೆ. ಆಗಲೇ ಪಾತ್ರೆಗಳ ಮುಚ್ಚಳ ತೆಗೆಯಲು ಶುರುವಾಗಿತ್ತು. ಇದ್ದ ವಿಷಯ ಹೇಳಿದೆ. ಐದು ಜನ, ಮುಂದಿನ ದೋಣಿ, ಕಫೀಲ್. ಎಲ್ಲರೂ ಛೆ ಛೆ ಎಂದರು. ಆದರೆ ಯಾರೂ ಏಳಲಿಲ್ಲ.

“ಪಾಪ. ಆದರೆ ಮಾಡಿದ ಅಡುಗೆ ಬಿಸಾಡುದಾ ಅಕ್ಕ? ನಾನು ಬೆಳಿಗ್ಗೆ ಮೂರಕ್ಕೆ ಎದ್ದದ್ದು,” ಎಂದರು ಮೂಡೆ ತಂದವರು.

ಮಾಡಿದ ಅಡುಗೆ ಬಿಸಾಡಿ ಎನ್ನಲು ನನಗೂ ಬಾಯಿ ಬರುವುದಿಲ್ಲ.

ಆಗ ಎದ್ದವಳು ಸುಜಾತ. ಗಸಿಯ ಪಾತ್ರೆಯ ಎರಡೂ ಕಿವಿ ಹಿಡಿದು ಎತ್ತಿದಳು. “ಬಿಸಾಡುದು ಯಾರು? ನಮ್ಮದು ಅವರು ಉಣ್ಣಲಿ, ಅವರದ್ದು ನಾವು ಉಣ್ಣುವ. ಅಲ್ಲಿ ಒಬ್ಬರು ಕಲ್ಯಾಣಪುರದವರು ಇದ್ದಾರಂತೆ, ರೊಟ್ಟಿ ನೋಡಿ ಎಷ್ಟು ಸಮಯ ಆಯ್ತೋ! ಏಳಿ ಎಲ್ಲ. ಒಂದು ದಿನ ಕ್ಯಾರೆಟ್ ತಿಂದರೆ ಯಾರೂ ಸಾಯುದಿಲ್ಲ.”

ಹಿಂದಿನ ದಿನ ಅದೇ ಬಫೆಯನ್ನು ಆಸ್ಪತ್ರೆ ಊಟ ಎಂದವಳು ಇವಳೇ. ನನಗೆ ತಂಗಿಯ ಮೇಲೆ ಅಷ್ಟು ಪ್ರೀತಿ ಬಂದದ್ದು ಬಹಳ ವರ್ಷಗಳ ನಂತರ. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು. ಸುಕ್ಕ, ಮೂಡೆ, ಹಿಟ್ಟು, ಬಾಣಲೆ ಎಲ್ಲ ಮೆರವಣಿಗೆಯಲ್ಲಿ ಅಡುಗೆಮನೆಯ ಹಿಂಬಾಗಿಲಿಗೆ ಹೊರಟವು. ಅನಿಕಾ ಮೊದಲೇ ಓಡಿ ಪಾಸ್ತಾದ ಎದುರು ತಟ್ಟೆ ಹಿಡಿದು ನಿಂತಿದ್ದಳು.

ಊಟದ ಮನೆ

ಕಫೀಲ್ ಬಂದಾಗ ಊಟದ ಮನೆ ತುಂಬಿತ್ತು. ಅರವತ್ತು ದಾಟಿದ, ದಪ್ಪ ಕನ್ನಡಕದ ಮನುಷ್ಯ. ಕೈಯಲ್ಲಿ ಜಪಮಣಿ. ಮುಂಬಯಿಯ ವ್ಯಾಪಾರ ಕಂಡವರಾದ್ದರಿಂದ ಹಿಂದಿ ಚೆನ್ನಾಗಿ ಬರುತ್ತಿತ್ತು. ತುಂಬಿದ ಕುರ್ಚಿಗಳನ್ನು ನೋಡಿ ಅವರ ಮುಖ ಅರಳಿತು. ಖಾಲಿ ಕುರ್ಚಿ ನೋಡುವ ಚಾಳಿ ನನ್ನೊಬ್ಬಳದ್ದಲ್ಲ ಎಂದು ಸಮಾಧಾನವಾಯಿತು. ಆಮೇಲೆ ಅವರು ಸೀದಾ ಅಡುಗೆಮನೆಗೆ ಹೋದರು. ಲಾರೆನ್ಸರಿಗೆ ಸಹಾಯವಾದೀತೇನೋ ಎಂದು ನಾನೂ ಹಿಂದೆಯೇ ಹೋದೆ.

ಒಳಗೆ ಐದೂ ಜನ ನೆಲದ ಮೇಲೆ ಕೂತು ರೊಟ್ಟಿಗೆ ಗಸಿ ಸುರಿದುಕೊಂಡು ಉಣ್ಣುತ್ತಿದ್ದರು. ಸುತ್ತ ಎಲ್ಲಿ ನೋಡಿದರೂ ನಮ್ಮ ಪಾತ್ರೆಗಳು. ಕಮಾಲ್ ಗಡಬಡಿಸಿ ಎದ್ದು ತಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟ.

“ಶಿನೂ ಹಾದಾ?” ಎಂದರು ಕಫೀಲ್. ಇದೇನು ಎಂದು.

ನಾನು ಮೆಲ್ಲಗೆ ಲಾರೆನ್ಸರಿಗೆ ಕನ್ನಡದಲ್ಲಿ, “ನೀವೇ ಮಾಡಿದ್ದು ಅಂತ ಹೇಳಿ,” ಎಂದೆ. ಲಾರೆನ್ಸ್ ನನ್ನ ಕಡೆ ನೋಡಲಿಲ್ಲ.

“ಬಾಬಾ, ಇವರು ಮನೆಯಿಂದ ತಂದದ್ದು,” ಎಂದರು ಹಿಂದಿಯಲ್ಲಿ. “ನಮ್ಮ ಮೇಲೆ ಕನಿಕರದಿಂದ ಇವತ್ತು ನಮ್ಮ ಊಟ ಉಂಡರು. ಮುಂದಿನ ಶುಕ್ರವಾರ ಯಾರಿಗೂ ಕನಿಕರ ಇರುವುದಿಲ್ಲ. ಬರುವವರೆಲ್ಲ ಪಾತ್ರೆ ತರುತ್ತಾರೆ. ಇವರು, ಮಲಯಾಳಿಗಳು, ಫಿಲಿಪ್ಪೀನಿಗಳು, ಎಲ್ಲರೂ.”

ನನ್ನ ಜೀವವೇ ಹೋಯಿತು. ನಾವು ಒಂದು ಊಟ ತ್ಯಾಗ ಮಾಡಿ ಕಟ್ಟಿದ ನಾಟಕವನ್ನು ಈ ಮನುಷ್ಯ ಒಂದೇ ಮಾತಿನಲ್ಲಿ ಕೆಡವಿಬಿಟ್ಟರಲ್ಲ ಎಂದು ಸಿಟ್ಟೂ ಬಂತು.

ಕಫೀಲ್ ಒಂದು ಸ್ಟೂಲು ಎಳೆದುಕೊಂಡು ಕೂತರು. ಜಪಮಣಿ ನಿಂತಿತು. ಅವರ ತಾಯಿ ಈ ದ್ವೀಪದಲ್ಲೇ ಹುಟ್ಟಿದವರಂತೆ. ಊರು ಬಿಟ್ಟ ಮೇಲೂ ವರ್ಷಕ್ಕೊಮ್ಮೆ ಹಳೆಯ ಮನೆ ನೋಡಲು ಬರುವಾಗ ಅನ್ನ ಮಾಂಸ ಬೇಯಿಸಿದ ದೊಡ್ಡ ಪಾತ್ರೆಯೊಂದನ್ನು ಕಂಬಳಿಯಲ್ಲಿ ಸುತ್ತಿ ತರುತ್ತಿದ್ದರಂತೆ. “ನಾನು ಇಲ್ಲಿ ಹೋಟೆಲು ಕಟ್ಟಿದ ಮೇಲೂ ತಂದಳು,” ಎಂದು ಅವರು ಹೇಳಿದಾಗ ಎಲ್ಲರೂ ನಕ್ಕೆವು. ನಾನು ಸಲಿಗೆಯಿಂದ, ನಮ್ಮ ಮಲ್ಪೆಯಲ್ಲೂ ಇದೇ ಕಥೆ ಎಂದು ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. ದೂರದವರು ಬಾರದಿದ್ದರೆ ಹತ್ತಿರದವರೇ ಗತಿ. ಹತ್ತಿರದವರು ಪಾತ್ರೆ ತರುತ್ತಾರೆ. ಅವರಿಗೆ ಬೇಕಾದದ್ದು ನೆರಳು, ಬಿಸಿ ಮಾಡಲು ಒಲೆ, ಆಮೇಲೊಂದು ಒಳ್ಳೆಯ ಚಹಾ. ಹೇಳುತ್ತಾ ಹೋದಂತೆ, ಊರಿಗೆ ಹೋದ ಕೂಡಲೇ ನನ್ನ ಬೋರ್ಡು ತೆಗೆಯಬೇಕು ಎಂದೂ ಅನ್ನಿಸಿತು.

ಅವರು ಎದ್ದರು. “ಬಫೆ ಖಲಾಸ್. ಚಹಾ, ಒಲೆ, ಸುಟ್ಟ ಮೀನು. ಅಡುಗೆಮನೆ ಇರಲಿ.” ಕಮಾಲ್ ಬೆನ್ನ ಹಿಂದಿನ ತಟ್ಟೆಯನ್ನು ಮುಂದೆ ತಂದ. ಆದರೆ ಮಾತು ಮುಗಿದಿರಲಿಲ್ಲ. “ಚಹಾಕ್ಕೆ ಐದು ಜನ ಬೇಡ ಲಾರೆನ್ಸ್. ಬೇಸಿಗೆಯಲ್ಲಿ ಇಲ್ಲಿ ಕೋಳಿಯೂ ಬರುವುದಿಲ್ಲ. ಇಬ್ಬರು ಸಾಕು. ಯಾರು ಎಂದು ನೀನೇ ಹೇಳು.”

ನಾಲ್ವರೂ ಲಾರೆನ್ಸರ ಕಡೆ ತಿರುಗಿದರು.

“ಐದೂ ಜನ ಬಾಬಾ,” ಎಂದರು ಲಾರೆನ್ಸ್. “ಸರದಿಯಲ್ಲಿ. ಇಬ್ಬರು ಇಲ್ಲಿ, ಮೂವರು ಸಂಬಳ ಇಲ್ಲದೆ ಊರಲ್ಲಿ. ಆರು ತಿಂಗಳೊಳಗೆ ಬಂದರೆ ಇಕಾಮಾ ಹೋಗುವುದಿಲ್ಲ. ಅವರು ಬರುತ್ತಾರೆ, ಇವರು ಹೋಗುತ್ತಾರೆ. ಚಳಿಗಾಲಕ್ಕೆ ಎಲ್ಲರೂ ಇಲ್ಲಿ.”

ಕಫೀಲ್ ಜಪಮಣಿಯನ್ನು ಜೇಬಿಗೆ ಹಾಕಿದರು. “ಮೊದಲು ಯಾರು ಹೋಗುವುದು?”

“ನಾನು.”

“ಯಲ್ಲಾ, ಹಾಗೇ ಆಗಲಿ,” ಎಂದು ಕಫೀಲ್ ಹೊರಗೆ ನಡೆದರು.

ದಕ್ಕೆಯಲ್ಲಿ

ಸಂಜೆ ಲಾರೆನ್ಸ್ ನಮ್ಮ ಪಾತ್ರೆಗಳನ್ನೆಲ್ಲ ಫಳಫಳ ತೊಳೆಸಿ ತಂದುಕೊಟ್ಟರು. ನಮ್ಮವರು ಯಾರ ಮುಚ್ಚಳ ಯಾರದ್ದೆಂದು ಜಗಳ ಮಾಡುತ್ತಿದ್ದರು. ನಾನು ಲಾರೆನ್ಸರನ್ನು ಪಕ್ಕಕ್ಕೆ ಕರೆದು, “ಕರೀತಾರಾ ನಿಮ್ಮನ್ನು ವಾಪಸ್?” ಎಂದು ಕೇಳಿಯೇಬಿಟ್ಟೆ.

“ಗೊತ್ತಿಲ್ಲ ಅಕ್ಕ. ಆಗ ಮಾಲ್ದೀವ್ಸಿನಲ್ಲಿ ಸಹ ಒಳ್ಳೆಯವರೇ ಹೇಳಿದ್ದು, ಕರೀತೇವೆ ಅಂತ.”

“ಮತ್ತೆ ನೀವೇ ಯಾಕೆ ಮೊದಲು ಹೊರಟದ್ದು?”

“ಮೊದಲು ಹೋದವನಿಗೆ ಹೆದರಿಕೆ ಜಾಸ್ತಿ. ನನಗೆ ಆ ಹೆದರಿಕೆ ಅಭ್ಯಾಸ ಉಂಟು,” ಎಂದು ಚಹಾದ ಲೋಟ ಜೋಡಿಸುತ್ತಿದ್ದ ಕಮಾಲ್‌ನ ಕಡೆ ನೋಡಿದರು. “ಅವನಿಗೆ ಇಲ್ಲ.”

ಹಿಂದಿರುಗುವ ದೋಣಿಯಲ್ಲಿ ವಸಂತ ಮೈಕು ಹಿಡಿದು, ಮುಂದಿನ ವರ್ಷ ದಯವಿಟ್ಟು ಯಾರೂ ಅಡುಗೆ ತರಬೇಡಿ ಎಂದು ವಿನಂತಿಸಿದರು. ಎಲ್ಲರೂ ಕೈಯೆತ್ತಿ ಒಪ್ಪಿದರು. ಮೂಡೆಯವರು ಆಗಲೇ ಪಕ್ಕದವರ ಹತ್ತಿರ, ಮುಂದಿನ ಸಲ ಪತ್ರೊಡೆ ಮಾಡುವುದಾಗಿ ಹೇಳುತ್ತಿದ್ದರು.

ಮಲ್ಪೆ

ಲಾರೆನ್ಸ್ ಏಪ್ರಿಲ್ ಕೊನೆಗೆ ಊರಿಗೆ ಬಂದರು. ಒಂದು ಭಾನುವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ನಮ್ಮಲ್ಲಿಗೂ ಬಂದಿದ್ದರು. ಬಡಿಸಲು ಏಳುತ್ತಿದ್ದವರನ್ನು ಗದರಿಸಿ ಕೂರಿಸಬೇಕಾಯಿತು. ಮಳೆಗಾಲ ಬಂತು. ಅವರಿಗೆ ಸಣ್ಣಪುಟ್ಟ ಮದುವೆ ಅಡುಗೆ ಸಿಕ್ಕಿತು, ಸಿಗದೆಯೂ ಇತ್ತು. ನನ್ನ ಕೋಣೆಗಳಲ್ಲಿ ಎರಡರ ಹಿಂದೆ ಒಲೆ ಕಟ್ಟಿಸಿದೆ. ಆಗಸ್ಟಿನಲ್ಲಿ ನಾನು ಅವರಿಗೆ ಫೋನ್ ಮಾಡುವುದನ್ನೇ ನಿಲ್ಲಿಸಿದೆ. ಸದ್ದಾದಾಗಲೆಲ್ಲ ಅವರು ಎಷ್ಟು ಬೇಗ ಎತ್ತುತ್ತಿದ್ದರೆಂದರೆ, ಕಫೀಲರ ಬದಲು ನನ್ನ ಸ್ವರ ಕೇಳಿಸುವುದಕ್ಕೆ ನನಗೇ ಸಂಕಟವಾಗುತ್ತಿತ್ತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಮೊಬೈಲಿನಲ್ಲಿ ಅವರದ್ದೊಂದು ಧ್ವನಿ ಸಂದೇಶ ಬಂತು. ಹಿಂದೆ ಗಾಳಿ, ಎಂಜಿನ್ ಸದ್ದು. ಏನು ಹೇಳುತ್ತಿದ್ದಾರೆಂದು ಕೇಳಲು ಅಂಗಳಕ್ಕೆ ಓಡಿದೆ.

“ಅಕ್ಕ, ಫೈಲಕಾದ ದೋಣಿಯಲ್ಲಿದ್ದೇನೆ. ದಕ್ಕೆಯಲ್ಲಿ ಕಮಾಲ್ ಇಳಿದ, ನಾನು ಹತ್ತಿದೆ. ಅವನಿಗೆ ಏರ್‌ಪೋರ್ಟಿಗೆ ಲೇಟಾಗಿತ್ತು, ಮಾತಾಡ್ಲಿಕ್ಕೆ ಟೈಮೇ ಇರ್ಲಿಲ್ಲ. ಅಡುಗೆಮನೆಯ ಕೀ ಕೊಟ್ಟ. ಅಳ್ತಿದ್ದ. ನಾನು ಬರ್ತೇನೆ ಅಂತ ಅವನಿಗೆ ನಂಬಿಕೆ ಇರ್ಲಿಲ್ಲವಂತೆ.”